ಇಪ್ಪತ್ತು ದಿನಗಳ ಲೆಕ್ಕ

ಸಲ್ವಾದ ನಮ್ಮ ಫ್ಲ್ಯಾಟಿನ ಅಡುಗೆಕೋಣೆಯ ಬಾಗಿಲ ಹಿಂದೆ ಎರಡು ಕ್ಯಾಲೆಂಡರ್ ತೂಗುತ್ತವೆ. ಒಂದು ಊರಿಗೆ ಹೋದಾಗ ತಂದದ್ದು. ಸಂಕಷ್ಟಿ, ಏಕಾದಶಿ, ನಮ್ಮ ಕಡೆಯ ತೇರು ಯಾವತ್ತು ಎಂದು ನೋಡುವುದಕ್ಕೆ ಅದು. ಇನ್ನೊಂದು ಇಲ್ಲಿಯ ಅಂಗಡಿಯವರು ಕೊಟ್ಟದ್ದು. ಅದರಲ್ಲಿ ಇಂಗ್ಲಿಷ್ ತಾರೀಕಿನ ಕೆಳಗೆ ಹಿಜರಿ ತಾರೀಕು ಸಣ್ಣ ಅಕ್ಷರದಲ್ಲಿರುತ್ತದೆ. ಈ ಎರಡರಲ್ಲೂ ಸಿಗದ ಒಂದು ಲೆಕ್ಕ 2009ರಿಂದ ನನ್ನ ತಲೆಯಲ್ಲಿ ಕೂತಿದೆ. ಆ ವರ್ಷದ ಸೆಪ್ಟೆಂಬರ್ 8ರಿಂದ ಸೆಪ್ಟೆಂಬರ್ 28ರವರೆಗೆ, ಒಟ್ಟು ಇಪ್ಪತ್ತು ದಿನ.

ನನ್ನ ಹೈಸ್ಕೂಲು ಸಹಪಾಠಿಯ ತಮ್ಮ ಆಗ ಸಲ್ವಾದಲ್ಲೇ ಒಂದು ಮನೆಯಲ್ಲಿ ಡ್ರೈವರ್ ಆಗಿದ್ದ. ಬೈಂದೂರು ಕಡೆಯ ಹುಡುಗ. ಮನೆಗೆಲಸದವರಿಗೆ ಕೊಡುವ ‘ಇಪ್ಪತ್ತರ’ ವೀಸಾದಲ್ಲಿ ಬಂದವನು. ಮನೆಯಲ್ಲಿ ದುಡ್ಡು ಕಾಣೆಯಾಯಿತೆಂದು ದೂರಾಯಿತು, ಠಾಣೆಯಾಯಿತು, ಕೋರ್ಟಾಯಿತು. ಆರು ತಿಂಗಳ ಸಜೆ, ಆಮೇಲೆ ಗಡೀಪಾರು. ಸಣ್ಣ ಅಪರಾಧದ ಕೇಸು, ಅವನ ಪರವಾಗಿ ವಕೀಲರು ಇರಲಿಲ್ಲ. ತೀರ್ಪು ಓದಿದ್ದು ಅರಬ್ಬಿಯಲ್ಲಿ. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಮಕ್ಕಳನ್ನು ಶಾಲೆಗೆ ಬಿಡು, ಬೇಗ ಬಾ ಎನ್ನುವಷ್ಟು ಅರಬ್ಬಿ ಮಾತ್ರ ಅವನಿಗೆ ಗೊತ್ತಿದ್ದದ್ದು. ‘ಸಿತ್ತಾ’ ಎನ್ನುವ ಸಂಖ್ಯೆ ಕಿವಿಗೆ ಬಿತ್ತಂತೆ. ಆರನೇ ತಾರೀಕಿಗೆ ಮತ್ತೆ ಬರಬೇಕೆಂದಿರಬಹುದು ಎಂದುಕೊಂಡು ತಲೆ ಅಲ್ಲಾಡಿಸಿ ಬಂದ. ದುಡ್ಡನ್ನು ತಾನು ಮುಟ್ಟಲಿಲ್ಲ ಎಂದು ಅವನು ಅಂದೂ ಹೇಳಿದ, ಇಂದೂ ಹೇಳುತ್ತಾನೆ. ಆ ಮಾತನ್ನು ತೂಗಿ ನೋಡಬೇಕಾದದ್ದು ಮೇಲಿನ ಕೋರ್ಟು. ಮೇಲಿನ ಕೋರ್ಟಿಗೆ ಅದು ಹೋಗಲೇ ಇಲ್ಲ.

ಯಾಕೆ ಹೋಗಲಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಈ ದಿನಗಳ ಲೆಕ್ಕ ಎಲ್ಲಿಂದ ಬಂತು, ನಮ್ಮ ಜನ ಅದರ ಜೊತೆ ಹೇಗೆ ಏಗಿದ್ದಾರೆ ಎಂದು ನಾನು ಆಮೇಲಿನ ವರ್ಷಗಳಲ್ಲಿ ಓದಿ, ಕೇಳಿ ತಿಳಿದುಕೊಂಡದ್ದನ್ನು ಹೇಳಬೇಕು. ನಾನು ವಕೀಲನಲ್ಲ, ಲೆಕ್ಕ ಬರೆಯುವವನು. ಕೊನೆಯ ತಾರೀಕು ತಪ್ಪಿದರೆ ಏನಾಗುತ್ತದೆ ಎನ್ನುವುದು ಲೆಕ್ಕದವರಿಗೆ ಬೇರೆ ರೀತಿಯಲ್ಲಿ ಗೊತ್ತಿರುತ್ತದೆ: ದಂಡ ಕಟ್ಟಿದರೆ ಮುಗಿಯಿತು. ಕ್ರಿಮಿನಲ್ ಅಪೀಲಿನಲ್ಲಿ ಕಟ್ಟುವ ದಂಡವೇ ಬೇರೆ.

ಕುವೈತಿನ ಕ್ರಿಮಿನಲ್ ವಿಚಾರಣಾ ಕಾಯ್ದೆ 1960ರ 17ನೇ ಕಾನೂನು. ಅದೇ ವರ್ಷದ 16ನೇ ಕಾನೂನು ಇಲ್ಲಿಯ ದಂಡಸಂಹಿತೆ. ದೇಶ ಸ್ವತಂತ್ರವಾದದ್ದು 1961ರ ಜೂನ್ 19ರಂದು, ಅಂದರೆ ಕಾನೂನು ಮೊದಲು ಬಂತು, ಸ್ವಾತಂತ್ರ್ಯ ಆಮೇಲೆ. ಆ ಕಾಯ್ದೆಯ ಪ್ರಕಾರ ಆರೋಪಿಯ ಎದುರಿನಲ್ಲೇ ತೀರ್ಪು ಹೇಳಿದರೆ ಅಪೀಲಿಗೆ ಇಪ್ಪತ್ತು ದಿನ. ಎಣಿಕೆ ಶುರುವಾಗುವುದು ತೀರ್ಪನ್ನು ಬಾಯಲ್ಲಿ ಹೇಳಿದ ದಿನದಿಂದ. ಕಾಗದ ಕೈಗೆ ಬಂದ ದಿನದಿಂದಲ್ಲ, ಅರ್ಥವಾದ ದಿನದಿಂದಂತೂ ಅಲ್ಲ. ಆರೋಪಿ ಇಲ್ಲದಾಗ ಹೇಳಿದ ತೀರ್ಪಿಗೆ ಬೇರೆ ದಾರಿ ಇದೆ: ಅದು ಅವನಿಗೆ ತಲುಪಿದ ಮೇಲೆ ಒಂದು ವಾರದೊಳಗೆ ಅದೇ ಕೋರ್ಟಿನಲ್ಲಿ ತಕರಾರು ಹಾಕಬಹುದು.

ಅದಕ್ಕಿಂತ ಮೊದಲು ಇಲ್ಲಿಯ ಭಾರತೀಯರಿಗೆ ಯಾವ ಕಾನೂನಿತ್ತು ಎಂದು ಕೇಳಿದರೆ ಇಂದಿನ ಹುಡುಗರು ನಂಬುವುದಿಲ್ಲ. 1925ರಲ್ಲಿ ಲಂಡನ್ನಿನಿಂದ ಹೊರಟ ‘ಕುವೈತ್ ಆರ್ಡರ್ ಇನ್ ಕೌನ್ಸಿಲ್’ ಎಂಬ ಆಜ್ಞೆ, ಇಲ್ಲಿರುವ ಬ್ರಿಟಿಷ್ ಪ್ರಜೆಗಳನ್ನು ಬ್ರಿಟಿಷ್ ಪೊಲಿಟಿಕಲ್ ಏಜೆಂಟರ ಕೋರ್ಟಿನ ಕೆಳಗೆ ತಂದಿತು. ಬ್ರಿಟಿಷ್ ಇಂಡಿಯಾದವರೂ ಆಗ ಬ್ರಿಟಿಷ್ ಪ್ರಜೆಗಳೇ ಆಗಿದ್ದರು. ಹಾಗಾಗಿ ಬೊಂಬಾಯಿಯಿಂದ ಹಡಗು ಹತ್ತಿ ಬಂದ ಗುಮಾಸ್ತನೊಬ್ಬ ಕುವೈತಿನಲ್ಲಿ ತಪ್ಪು ಮಾಡಿದರೆ ಅವನನ್ನು ವಿಚಾರಿಸುತ್ತಿದ್ದದ್ದು ಭಾರತದ ದಂಡಸಂಹಿತೆಯ ಪ್ರಕಾರ. ಸಂತೆಯಲ್ಲಿ ಓಡಾಡುತ್ತಿದ್ದದ್ದೂ ರೂಪಾಯಿಯೇ. ಕುವೈತಿ ದಿನಾರ್ ಬಂದದ್ದು 1961ರ ಏಪ್ರಿಲ್ 1ರಂದು. ಏಜೆಂಟರ ಹಳೆಯ ಮನೆ ಕಡಲ ದಂಡೆಯಲ್ಲಿ ‘ಡಿಕ್ಸನ್ ಹೌಸ್’ ಎಂಬ ಹೆಸರಿನಲ್ಲಿ ಈಗಲೂ ನಿಂತಿದೆ. ಊರಿನಿಂದ ನೆಂಟರು ಬಂದಾಗ ಕರೆದುಕೊಂಡು ಹೋಗಿ ತೋರಿಸುತ್ತೇನೆ. ನೀಲಿ ಬಾಗಿಲಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ.

ಹಾಗೆಂದು ಭಾರತದ ಕಾನೂನು ಅಂದು ಬಹಳ ಉದಾರವಾಗಿತ್ತು ಎಂದುಕೊಳ್ಳಬಾರದು. 1908ರ ಲಿಮಿಟೇಷನ್ ಕಾಯ್ದೆಯಲ್ಲಿ ಒಂದು ವಿಚಿತ್ರ ಪಟ್ಟಿ ಇದೆ. ಸೆಷನ್ಸ್ ಕೋರ್ಟು ಜೈಲುಶಿಕ್ಷೆ ಕೊಟ್ಟರೆ ಹೈಕೋರ್ಟಿಗೆ ಹೋಗಲು ಅರವತ್ತು ದಿನ. ಗಲ್ಲುಶಿಕ್ಷೆ ಕೊಟ್ಟರೆ ಏಳೇ ದಿನ. ಜೀವ ಹೋಗುವವನಿಗೆ ಕಡಿಮೆ ಸಮಯ! ಇದಕ್ಕೆ ಒಂದು ಸಮಜಾಯಿಷಿ ಇತ್ತು. ಗಲ್ಲುಶಿಕ್ಷೆ ಹೇಗಿದ್ದರೂ ಹೈಕೋರ್ಟು ಕಾಯಂ ಮಾಡದೆ ಜಾರಿಯಾಗುವುದಿಲ್ಲ, ಕಡತ ತಾನಾಗಿಯೇ ಮೇಲೆ ಹೋಗುತ್ತದೆ. ಕುವೈತಿನ ಕಾಯ್ದೆಯಲ್ಲೂ ಇದೇ ಬಗೆಯ ಏರ್ಪಾಡಿದೆ. ಗಲ್ಲಿಗೆ ಗುರಿಯಾದವನು ಅಪೀಲು ಹಾಕದಿದ್ದರೂ ಕೋರ್ಟೇ ಕೇಸನ್ನು ಮೇಲಿನ ಕೋರ್ಟಿಗೆ ಕಳಿಸಬೇಕು. ಕೊನೆಗೆ ಅಮೀರರ ಒಪ್ಪಿಗೆಯೂ ಬೇಕು. ಜೀವದ ಪ್ರಶ್ನೆ ಬಂದಾಗ ಕಾನೂನು ತಾನೇ ಎದ್ದು ಬಾಗಿಲು ತಟ್ಟುತ್ತದೆ. ಆರು ತಿಂಗಳ ಸಜೆಯವನಿಗೆ ಮಾತ್ರ ಬಾಗಿಲು ಎಲ್ಲಿದೆ ಎಂದು ಅವನೇ ಹುಡುಕಿಕೊಳ್ಳಬೇಕು.

ಆದರೂ ಏಳು ದಿನ ಎಂದರೆ ಆಗಿನ ಕಾಲದಲ್ಲಿ ಏನು ಎಂದು ಯೋಚಿಸಿ. 1941ರ ಮಾರ್ಚಿನಲ್ಲಿ ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ನಡುವೆ ಸಿಕ್ಕ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. ಮೇಲಿನ ಕೋರ್ಟು ಮದರಾಸಿನಲ್ಲಿ. ಮಂಗಳೂರಿನಿಂದ ಮದರಾಸಿಗೆ ರೈಲು ಷೊರನೂರು ಸುತ್ತಿಕೊಂಡು ಹೋಗುತ್ತಿತ್ತು. ಕೈದಿಯ ಮನೆಯವರು ಗದ್ದೆ ಕೆಲಸದ ಬಡವರು. ರೈತಸಂಘ, ಪಕ್ಷ, ಮದರಾಸಿನ ವಕೀಲರು ಎಂದು ಬೆನ್ನ ಹಿಂದೆ ಜನ ಇದ್ದುದರಿಂದ ಆ ಕೇಸಿನ ಅಪೀಲು ಮದರಾಸು ಮುಟ್ಟಿತು. ಮುಟ್ಟಿದರೂ ನಾಲ್ವರು ಉಳಿಯಲಿಲ್ಲ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ನಿರಂಜನರ ‘ಚಿರಸ್ಮರಣೆ’ಯನ್ನು ಓದಿದವರಿಗೆ ಇದು ಹೊಸತಲ್ಲ. ನನಗೆ ಕಾಡುವುದು ಮಾತ್ರ ಬೇರೆ: ಹಿಂದೆ ಸಂಘವಿಲ್ಲದ, ಹೆಸರಿಲ್ಲದ ಕೇಸುಗಳ ಪಾಡು ಏನಾಗಿರಬೇಕು?

ಸ್ವತಂತ್ರ ಭಾರತ 1963ರಲ್ಲಿ ಹೊಸ ಲಿಮಿಟೇಷನ್ ಕಾಯ್ದೆ ಮಾಡಿದಾಗ ಏಳು ದಿನವನ್ನು ಮೂವತ್ತಕ್ಕೆ ಏರಿಸಿತು. ಉಳಿದ ಶಿಕ್ಷೆಗಳ ಮೇಲೆ ಹೈಕೋರ್ಟಿಗೆ ಅರವತ್ತು ದಿನ, ಕೆಳಗಿನ ಅಪೀಲು ಕೋರ್ಟಿಗೆ ಮೂವತ್ತು ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಎಣಿಕೆಯಿಂದ ಬಿಡಬೇಕು. ಅದಕ್ಕೂ ಮಿಗಿಲಾಗಿ ಐದನೇ ಕಲಮು ಇದೆ: ತಡವಾದದ್ದಕ್ಕೆ ಸಾಕಷ್ಟು ಕಾರಣ ತೋರಿಸಿದರೆ ಕೋರ್ಟು ವಿಳಂಬವನ್ನು ಮನ್ನಿಸಬಹುದು. ಜೈಲಿನಲ್ಲಿರುವವನಿಗೆ ಇನ್ನೊಂದು ಅನುಕೂಲ ಬ್ರಿಟಿಷರ ಕಾಲದಿಂದಲೇ ಇತ್ತು. ಅವನು ತನ್ನ ಅಪೀಲನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು, ಮುಂದಕ್ಕೆ ಕಳಿಸುವುದು ಅವರ ಹೊಣೆ. ನಮ್ಮ ಕಡೆ ಇದನ್ನು ‘ಜೈಲ್ ಅಪೀಲು’ ಎನ್ನುತ್ತಾರೆ. 1973ರ ಸಂಹಿತೆಯಲ್ಲಿ ಅದು 383ನೇ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ.

ಕಾಗದದ ಮೇಲೆ ಎಲ್ಲವೂ ಇತ್ತು. ಹಾಗಿದ್ದೂ ಅದು ಹೇಗೆ ಕೈಕೊಡುತ್ತದೆ ಎನ್ನುವುದಕ್ಕೆ ನಮ್ಮ ಧಾರವಾಡದ ನಂಟಿರುವ ಒಂದು ಕೇಸೇ ಸಾಕ್ಷಿ. ಕಾನೂನು ಓದಿದವರೆಲ್ಲ ಅದನ್ನು ಹೊಸ್ಕೋಟ್ ಕೇಸು ಎಂದೇ ಬಲ್ಲರು. ಎಂ. ಎಚ್. ಹೊಸ್ಕೋಟ್ ಎಂಬುವರು ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮೊಹರನ್ನು ಮುಂಬಯಿಯಲ್ಲಿ ಮಾಡಿಸಲು ಹೋಗಿ, ಅದಕ್ಕಾಗಿ ಕುಲಪತಿಗಳ ಕಚೇರಿಯ ಹೆಸರಿನಲ್ಲಿ ನಕಲಿ ಪತ್ರ ತೋರಿಸಿ ಸಿಕ್ಕಿಬಿದ್ದರು. ಸೆಷನ್ಸ್ ಕೋರ್ಟು ದಯೆ ತೋರಿ ದಂಡದ ಜೊತೆಗೆ ಅಂದು ಕೋರ್ಟು ಏಳುವವರೆಗಿನ ಸಜೆ ಮಾತ್ರ ಕೊಟ್ಟಿತು. 1973ರ ನವೆಂಬರಿನಲ್ಲಿ ಬೊಂಬಾಯಿ ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟಿಗೆ ಅವರ ಅರ್ಜಿ ಬಂದದ್ದು ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ. ಅಷ್ಟರಲ್ಲಿ ಶಿಕ್ಷೆಯನ್ನು ಪೂರ್ತಿ ಅನುಭವಿಸಿ ಆಗಿತ್ತು.

ಯಾಕೆ ತಡ ಎಂದರೆ, ಹೈಕೋರ್ಟಿನ ತೀರ್ಪಿನ ನಕಲು ತನಗೆ ಸಿಕ್ಕಲೇ ಇಲ್ಲ ಎಂದರು ಅವರು. ಜೈಲಿನವರು, ನಕಲನ್ನು ಕೊಟ್ಟಿದ್ದೆವು, ಆದರೆ ರಾಜ್ಯಪಾಲರಿಗೆ ಕಳಿಸುವ ಕ್ಷಮಾ ಅರ್ಜಿಗೆ ಲಗತ್ತಿಸಲು ವಾಪಸು ತೆಗೆದುಕೊಂಡೆವು ಎಂದರು. ಕೊಟ್ಟದ್ದಕ್ಕೆ ಕೈದಿಯ ಸಹಿ ಮಾತ್ರ ಎಲ್ಲಿಯೂ ಇರಲಿಲ್ಲ. ಒಂದು ಬಾಗಿಲಿಗೆ ಬೇಕಾದ ಕಾಗದವನ್ನು ಇನ್ನೊಂದು ಬಾಗಿಲಿಗೆ ಕೊಟ್ಟು, ಎರಡನೆಯದು ತೆರೆಯುವುದನ್ನು ಕಾಯುವಾಗ ಮೊದಲನೆಯದು ಮುಚ್ಚಿಹೋಯಿತು. ಕಚೇರಿಗಳಲ್ಲಿ ಓಡಾಡಿದ ಯಾರಿಗೂ ಇದು ಅಪರಿಚಿತವಲ್ಲ.

ತೀರ್ಪು ಬಂದದ್ದು 1978ರ ಆಗಸ್ಟ್ 17ರಂದು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಹೊಸ್ಕೋಟ್ ಅವರ ಅರ್ಜಿಯನ್ನು ವಜಾ ಮಾಡಿದರು. ತಪ್ಪು ಸಾಬೀತಾಗಿದೆ, ಶಿಕ್ಷೆಯೂ ಸರಿ ಎಂದರು. ಆದರೆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಅಪೀಲಿನ ಹಕ್ಕು ಸಂವಿಧಾನದ 21ನೇ ವಿಧಿ ಹೇಳುವ ನ್ಯಾಯವಾದ ವಿಧಾನದ ಭಾಗ. ಹಕ್ಕು ಕೊಟ್ಟು ಅದನ್ನು ಬಳಸುವ ದಾರಿ ಕೊಡದಿದ್ದರೆ ಕೊಟ್ಟ ಹಾಗಾಗಲಿಲ್ಲ. ಆದ್ದರಿಂದ ಶಿಕ್ಷೆಯಾದವನಿಗೆ ತೀರ್ಪಿನ ನಕಲನ್ನು ಪುಕ್ಕಟೆಯಾಗಿ, ಬೇಗನೆ ಕೊಡಬೇಕು. ಜೈಲಿಗೆ ಬಂದ ನಕಲನ್ನು ಅಧಿಕಾರಿ ಕೈದಿಗೆ ತಲುಪಿಸಿ, ತಲುಪಿತೆಂದು ಬರೆಸಿಕೊಳ್ಳಬೇಕು. ಅಪೀಲು ಹಾಕಲು ಅನುಕೂಲ ಮಾಡಿಕೊಡಬೇಕು. ವಕೀಲರನ್ನು ಇಟ್ಟುಕೊಳ್ಳಲಾಗದ ಬಡ ಕೈದಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ಮೊಹರು ನಕಲು ಮಾಡಲು ಹೊರಟವನ ಕೇಸಿನಿಂದ ಇಡೀ ದೇಶದ ಕೈದಿಗಳಿಗೆ ಒಂದು ಅಸಲಿ ಕಾಗದದ ಹಕ್ಕು ಸಿಕ್ಕಿತು. ಅವರಿಗೆ ಮಾತ್ರ ಏನೂ ಸಿಗಲಿಲ್ಲ.

ಅಮೆರಿಕದಲ್ಲೂ ಇಂಥ ಕಥೆಗಳಿವೆ. 1988ರ ಹೂಸ್ಟನ್ ಕೇಸಿನಲ್ಲಿ ಕೈದಿ ಮೂವತ್ತು ದಿನದ ಗಡುವಿಗೆ ಮೂರು ದಿನ ಮೊದಲೇ ತನ್ನ ಕಾಗದವನ್ನು ಜೈಲಿನವರ ಕೈಗೆ ಕೊಟ್ಟಿದ್ದ. ಅದು ಕೋರ್ಟು ಮುಟ್ಟಿದ್ದು ಒಂದು ದಿನ ತಡವಾಗಿ. ಕೈದಿ ಅಂಚೆಯ ಹಿಂದೆ ಓಡಲಾರ, ಆದ್ದರಿಂದ ಜೈಲಿನವರಿಗೆ ಕೊಟ್ಟ ದಿನವೇ ಕೋರ್ಟಿಗೆ ಕೊಟ್ಟ ದಿನ ಎಂದಿತು ಅಲ್ಲಿಯ ಸುಪ್ರೀಂ ಕೋರ್ಟು. ಅದೇ ಕೋರ್ಟು 2007ರ ಬೌಲ್ಸ್ ಕೇಸಿನಲ್ಲಿ ಬೇರೆ ಮುಖ ತೋರಿಸಿತು. ಕೆಳಗಿನ ಜಡ್ಜರೇ ಕೊನೆಯ ದಿನ ಫೆಬ್ರವರಿ 27 ಎಂದು ಆದೇಶದಲ್ಲಿ ಬರೆದಿದ್ದರು; ಕಾನೂನಿನ ಪ್ರಕಾರ ಅದು 24 ಆಗಬೇಕಿತ್ತು. ಜಡ್ಜರ ಮಾತು ನಂಬಿ ಕೈದಿ 26ರಂದು ಹಾಕಿದ. ಐವರು ನ್ಯಾಯಮೂರ್ತಿಗಳು ಅದು ತಡ ಎಂದರು, ನಾಲ್ವರು ಒಪ್ಪಲಿಲ್ಲ. ಐವರ ಮಾತು ನಿಂತಿತು. ಆ ಲೆಕ್ಕದಲ್ಲಿ ನಮ್ಮ ಐದನೇ ಕಲಮು ಬಡವನ ಪಾಲಿಗೆ ದೊಡ್ಡ ಮಾತೇ ಸರಿ.

ಗಡುವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಕೇಸು ಒಂದು ದಿನ ಮುಗಿಯಲೇಬೇಕು. ಕಳಕೊಂಡವರು, ಪೆಟ್ಟು ತಿಂದವರು ಕೂಡ ಇದ್ದಾರೆ. ಅವರು ಎಷ್ಟು ವರ್ಷ ಕಾಯಬೇಕು? ಸರ್ಕಾರವೂ ಬಿಡುಗಡೆಯಾದವನ ಮೇಲೆ ಅಪೀಲು ಹಾಕುತ್ತದೆ, ಅದಕ್ಕೂ ಗಡುವಿದೆ. ಗಡುವು ಇಲ್ಲದಿದ್ದರೆ ಬಿಡುಗಡೆಯಾದವನು ಜೀವನಪೂರ್ತಿ ಬಾಗಿಲ ಸದ್ದಿಗೆ ಬೆಚ್ಚಬೇಕಾದೀತು. ಪ್ರಶ್ನೆ ಇರುವುದು ದಿನ ಎಷ್ಟು ಎನ್ನುವುದಕ್ಕಿಂತ ಹೆಚ್ಚಾಗಿ, ಎಣಿಕೆ ಶುರುವಾಗಿದೆ ಎಂದು ಅವನಿಗೆ ಹೇಳುವವರು ಯಾರು, ಯಾವ ಭಾಷೆಯಲ್ಲಿ ಹೇಳುತ್ತಾರೆ, ಅಪೀಲು ಕೊಡುವ ಜಾಗ ಎಷ್ಟು ದೂರ ಎನ್ನುವುದರಲ್ಲಿ.

ದೂರದ ಮಾತು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹೈಕೋರ್ಟು 1884ರಲ್ಲಿ ಮೈಸೂರಿನ ಚೀಫ್ ಕೋರ್ಟಾಗಿ ಹುಟ್ಟಿದ್ದು. ರಾಜ್ಯ ಒಂದಾದ ಮೇಲೂ ಅರ್ಧ ಶತಮಾನ ಬೀದರಿನವರು, ಬೆಳಗಾವಿಯವರು ಪ್ರತಿ ಅಪೀಲಿಗೂ ಬೆಂಗಳೂರಿಗೇ ಬರಬೇಕಿತ್ತು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಹೋರಾಟ ಮಾಡಿ ಮಾಡಿ ಧಾರವಾಡ ಮತ್ತು ಕಲಬುರಗಿಗೆ ಸಂಚಾರಿ ಪೀಠ ಬಂದದ್ದು 2008ರ ಜುಲೈನಲ್ಲಿ. ಅವು ಕಾಯಂ ಆದದ್ದು 2013ರಲ್ಲಿ. ಕಾಸರಗೋಡಿನ ನಮ್ಮ ಕನ್ನಡಿಗರಿಗೆ 1956ರ ನವೆಂಬರ್ 1ರಿಂದ ಹೈಕೋರ್ಟು ಎಂದರೆ ಎರ್ನಾಕುಳಂ. ದೂರವೂ ಹೌದು, ಭಾಷೆಯೂ ಬೇರೆ. ದೂರದೊಂದಿಗೆ ಭಾಷೆಯೂ ಸೇರಿದರೆ ಏನಾಗುತ್ತದೆ ಎಂದು ಅವರು ಗಲ್ಫಿಗೆ ಬರುವ ಮೊದಲೇ ಬಲ್ಲವರು.

ಗಲ್ಫಿನಲ್ಲಿ ಈ ಪಾಠವನ್ನು ಎಲ್ಲರಿಗೂ ಕಲಿಸಿದ್ದು ಶ್ರೀಲಂಕಾದ ಮೂತ್ತೂರಿನ ಒಬ್ಬ ಹುಡುಗಿಯ ಕೇಸು. ಮನೆಗೆಲಸಕ್ಕೆಂದು ಸೌದಿಗೆ ಬಂದ ಅವಳ ಕೈಯಲ್ಲಿದ್ದ ಮಗು ಸತ್ತಿತು. 2007ರ ಜೂನ್ 16ರಂದು ಮರಣದಂಡನೆಯಾಯಿತು. ಅಲ್ಲಿಯವರೆಗೆ ಅವಳಿಗೆ ವಕೀಲರೇ ಇರಲಿಲ್ಲ. ಅಪೀಲಿಗೆ ಮೂವತ್ತು ದಿನ. ಹೊರದೇಶದ ಮಾನವ ಹಕ್ಕಿನವರು ದುಡ್ಡು ಸೇರಿಸಿ ವಕೀಲರನ್ನು ಹಿಡಿದು ಗಡುವಿನೊಳಗೆ ಅಪೀಲು ಹಾಕಿಸಿದರು. ಅದರಿಂದ ಅವಳಿಗೆ ಐದೂವರೆ ವರ್ಷದ ಆಯುಸ್ಸು ಸಿಕ್ಕಿತು, ಅಷ್ಟೆ. 2013ರ ಜನವರಿ 9ರಂದು ಶಿಕ್ಷೆ ಜಾರಿಯಾಯಿತು. ಆ ಮೂವತ್ತು ದಿನಗಳ ಸುದ್ದಿಯನ್ನು ಇಲ್ಲಿಯ ಪತ್ರಿಕೆಗಳಲ್ಲಿ ನಾನು ದಿನಾ ಓದಿದ್ದೆ. ಮನೆಯಲ್ಲಿ ಮರುಗಿದ್ದೆ ಕೂಡ. ಎರಡು ವರ್ಷದ ಮೇಲೆ ನನ್ನ ಸರದಿ ಬಂದಾಗ ಅದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

ನನ್ನ ಸರದಿ ಬಂದದ್ದು 2009ರ ಸೆಪ್ಟೆಂಬರ್ 20ರಂದು, ಈದ್ ದಿನ. ಊರಿನಿಂದ ಸಹಪಾಠಿ ಫೋನ್ ಮಾಡಿದ್ದ. “ತಮ್ಮನಿಗೆ ಎಂತದ್ದೋ ತೀರ್ಪು ಆಯ್ತಂಬ್ರು. ಅಲ್ಲಿಯೇ ಇದ್ದೆಯಲ್ಲ, ಒಂಚೂರು ಹೋಯಿ ಕಾಣ್ ಮಾರಾಯ” ಎಂದ. ನಾನು, “ಈಗ ಎಲ್ಲ ರಜೆ. ಹಬ್ಬ ಕಳೆಯಲಿ, ನೋಡುವ” ಎಂದೆ. ಸುಳ್ಳಲ್ಲ, ಕಚೇರಿಗಳು ಮುಚ್ಚಿದ್ದವು. ಆದರೆ ಅಂದು ಹನ್ನೆರಡನೆಯ ದಿನ; ಇನ್ನೂ ಎಂಟು ದಿನ ಇತ್ತು. ಹಬ್ಬ ಕಳೆಯಿತು. ತಿಂಗಳ ಕೊನೆ, ಆಫೀಸಿನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ಗೆಳೆಯರೊಂದಿಗೆ ಮರುಭೂಮಿಗೆ ಒಂದು ದಿನ ಹೋಗಿಬಂದದ್ದೂ ಉಂಟು. ಪರಿಚಯದ ವಕೀಲರ ಎದುರು ನಾನು ಕೂತದ್ದು ಅಕ್ಟೋಬರ್ 1ರ ಗುರುವಾರ. ಅವರು ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ತುದಿಯಿಂದ ಒಂದೊಂದೇ ಮನೆ ಎಣಿಸಿದರು. ಮೂರು ದಿನ ತಡ. ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದನೇ ಎಂದು ಕೇಳಿದರು. ಇಲ್ಲ ಎಂದೆ. ಗೊತ್ತಿರಲಿಲ್ಲ ಎನ್ನುವುದು ಇಲ್ಲಿ ನಡೆಯುವುದಿಲ್ಲ ಎಂದರು. ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದರು: ಅವನೇ ಜೈಲಿನ ಅಧಿಕಾರಿಯ ಕೈಗೆ ಒಂದು ಹಾಳೆ ಬರೆದುಕೊಟ್ಟಿದ್ದರೂ ಸಾಕಿತ್ತು.

ಒಂದು ಹಾಳೆ. ಅಷ್ಟನ್ನು ಹೇಳಲು ಒಬ್ಬರು ಬೇಕಿತ್ತು.

ಅವನು ಸಜೆ ಮುಗಿಸಿ ಗಡೀಪಾರಾಗಿ ಹೋದ. ಕ್ಷಮೆಯ ದಾರಿ ಎಂದೊಂದು ಇದೆ. 2017ರ ಸೆಪ್ಟೆಂಬರ್ ಕೊನೆಗೆ ಆಗಿನ ಅಮೀರ್ ಶೇಖ್ ಸಬಾಹ್ ಅವರು 15 ಭಾರತೀಯರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿ, 119 ಭಾರತೀಯರ ಶಿಕ್ಷೆಯನ್ನು ಕಡಿಮೆ ಮಾಡಿದರು. ಎಷ್ಟೋ ಮನೆಗಳಲ್ಲಿ ಅಂದು ದೀಪ ಹಚ್ಚಿರಬೇಕು. ಆದರೆ ಕ್ಷಮೆ ಶಿಕ್ಷೆಯನ್ನು ತಗ್ಗಿಸುತ್ತದೆಯೇ ಹೊರತು ‘ಇವನು ಕದ್ದಿಲ್ಲ’ ಎಂದು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಅಪೀಲು ಮಾತ್ರ. 2020ರಲ್ಲಿ ಕೊರೊನಾ ಬಂದಾಗ ಭಾರತದ ಸುಪ್ರೀಂ ಕೋರ್ಟು ಮಾರ್ಚ್ 15ರಿಂದ ಎಲ್ಲ ಗಡುವುಗಳ ಎಣಿಕೆಯನ್ನೇ ನಿಲ್ಲಿಸಿತು. ಆ ವಿನಾಯಿತಿ 2022ರ ಫೆಬ್ರವರಿ 28ರವರೆಗೆ ನಡೆಯಿತು. ಇಡೀ ದೇಶ ಮನೆಯೊಳಗೆ ಸಿಕ್ಕಿಬಿದ್ದಾಗ, ಸಿಕ್ಕಿಬಿದ್ದವನ ದಿನಗಳನ್ನು ಎಣಿಸಬಾರದು ಎಂದು ಎಲ್ಲರಿಗೂ ಅರ್ಥವಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಸುಹಾಸ್ ಚಕ್ಮಾ ಕೇಸಿನಲ್ಲಿ, ಕೈದಿಗಳಿಗೆ ಅಪೀಲಿನ ಹಕ್ಕನ್ನೂ ಉಚಿತ ವಕೀಲರ ಸೌಲಭ್ಯವನ್ನೂ ಜೈಲಿನೊಳಗೇ ತಿಳಿಸಿ ಹೇಳುವ ವ್ಯವಸ್ಥೆ ಬಲವಾಗಬೇಕೆಂದು ಮತ್ತೆ ನಿರ್ದೇಶನ ಕೊಟ್ಟಿತು. ಹೊಸ್ಕೋಟ್ ತೀರ್ಪಿಗೆ ಆಗ 46 ವರ್ಷ.

ಈಗ ಇಲ್ಲಿ ನಮ್ಮವರು ಯಾರಾದರೂ ಠಾಣೆ, ಕೋರ್ಟು ಎಂದು ಸಿಕ್ಕಿಕೊಂಡರೆ ನಾನು ಕೇಳುವ ಮೊದಲ ಪ್ರಶ್ನೆ ‘ಏನು ಮಾಡಿದ?’ ಎಂದಲ್ಲ, ‘ತೀರ್ಪು ಯಾವತ್ತು ಆಯಿತು?’ ಎಂದು. ತಾರೀಕನ್ನು ಆ ಅಂಗಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಇಪ್ಪತ್ತು ಮನೆ ಎಣಿಸಿ, ಹತ್ತನೆಯದಕ್ಕೇ ಸುತ್ತು ಬರೆಯುತ್ತೇನೆ. ರಾಯಭಾರ ಕಚೇರಿಗಳ ಮೂಲಕ ಕಾನೂನು ನೆರವಿಗೂ ಬಳಸಲು 2009ರಲ್ಲೇ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ ಎಂದೂ ಹೇಳುತ್ತೇನೆ. ಇಷ್ಟು ಕೆಲಸಕ್ಕೆ ಕಾನೂನು ಓದಿರಬೇಕಿಲ್ಲ.

ಹೋದ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಅವನ ಮನೆಗೆ ಹೋಗಿದ್ದೆ. ಗೂಡ್ಸ್ ರಿಕ್ಷಾ ಇಟ್ಟುಕೊಂಡು ಮೀನು, ಗೊಬ್ಬರ ಸಾಗಿಸುತ್ತಾನೆ. ಮಗಳು ಪಿಯುಸಿಗೆ ಬಂದಿದ್ದಾಳೆ. ಜಗಲಿಯಲ್ಲಿ ಕೂತು, ಅಂದು ಅವನ ಅಣ್ಣ ಫೋನ್ ಮಾಡಿದಾಗ ಇನ್ನೂ ಎಂಟು ದಿನ ಇತ್ತು ಎಂಬುದನ್ನು ಮೊದಲ ಬಾರಿಗೆ ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಅಂಗಳ ನೋಡುತ್ತಾ ಕೂತ. “ಹೋಯ್ಲಿ ಬಿಡಿ ಅಣ್ಣ, ನೀವ್ ಎಂತ ಮಾಡೂದ್” ಎಂದ. ಆಮೇಲೆ, ಮಗಳು ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದ: “ಈಗ ಹಾಕೂಕೆ ಆತಿಲ್ಯಾ?”